11 ಸೆಕೆಂಡಿಗೇ ನಿಂತ ಮೊಳಕೆ

ಮದ್ದೂರಿನಲ್ಲಿ ಅಭ್ಯಾಸ ಬೋಧನೆಗೆಂದು, ನೆನೆಸಿದ ಹೆಸರುಕಾಳಿನ ಮುಂದೆ ರಾಸ್ಪ್‌ಬೆರಿ ಪೈ ಕ್ಯಾಮೆರಾ ಇಟ್ಟಿದ್ದೆ. 5 ನಿಮಿಷಕ್ಕೊಂದು ಚಿತ್ರ. 4 ದಿನಕ್ಕೆ 1152. ಸೆಕೆಂಡಿಗೆ 24ರಂತೆ ಜೋಡಿಸಿದರೆ 48 ಸೆಕೆಂಡಿನ ವಿಡಿಯೊ ಆಗಬೇಕು. ತರಗತಿಯಲ್ಲಿ ಅದು 11 ಸೆಕೆಂಡಿಗೇ ಮುಗಿಯಿತು.

"ಎಲೆ ಬರ್ನೇ ಇಲ್ವಲ್ಲ ಮಿಸ್!"

ಕ್ಯಾಮೆರಾ ಬಿಚ್ಚಿ ಜೋಡಿಸಿ ಒಂದು ಸಂಜೆ ಹಾಳುಮಾಡಿದೆ. ಮಾಡಬೇಕಿದ್ದದ್ದು ಒಂದು ಗುಣಾಕಾರ: 11×24, ಅಂದರೆ 264. 265ನೇ ಚಿತ್ರವೇ ಇರಲಿಲ್ಲ. ಯಾರದೋ ಕೈ ಅಡ್ಡ ಬಂದಿದೆಯೆಂದು ನಾನೇ ಅಳಿಸಿದ್ದೆ! ಎಫ್‌ಎಫ್‌ಎಂಪೆಗ್‌ಗೆ ಚಿತ್ರಗಳನ್ನು ಕ್ರಮಸಂಖ್ಯೆಯಲ್ಲಿ ಕೊಟ್ಟಾಗ, ನಡುವೆ ಒಂದು ಸಂಖ್ಯೆ ತಪ್ಪಿದರೂ ಅದು ಅಲ್ಲಿಗೇ ನಿಲ್ಲಿಸುತ್ತದೆ. ಉಳಿದ 1151 ಚಿತ್ರಗಳಿಗೆ 1ರಿಂದ ಹೊಸದಾಗಿ ಸಂಖ್ಯೆ ಕೊಟ್ಟೆ. ಪೂರ್ತಿ ವಿಡಿಯೊ ಬಂತು.

ಮರುದಿನ ಎಲೆ ತೋರಿಸುವ ಮೊದಲು ಆ ಗುಣಾಕಾರವನ್ನು ಮಕ್ಕಳಿಂದಲೇ ಮಾಡಿಸಿದೆ.