ಕೈಗೆ ಕೆಲಸ, ಕಿವಿಗೆ ಮಾತು

“ಇದು ಎಷ್ಟು ಗಂಟೆಗೆ ಬರ್ತದೆ?”

ಪಾಡ್‌ಕಾಸ್ಟ್ ಎಂಬ ಹೆಸರು ಕೇಳಿದ ಕೂಡಲೇ ಚಿತ್ತಾಕುಲದ ನಮ್ಮ ಅಕ್ಕೋರು ಕೇಳಿದ ಮೊದಲ ಪ್ರಶ್ನೆ ಇದು. ಅಕ್ಕೋರು ಶಾಲೆಯಿಂದ ನಿವೃತ್ತರಾಗಿ ಬಹಳ ವರ್ಷಗಳಾದವು. ಕಣ್ಣಿನ ತೊಂದರೆಯಿಂದ ಓದು ಕಡಿಮೆಯಾಗಿದೆ. ಗೋಡೆಯ ಗಡಿಯಾರ ನೋಡದೆ, ಕಾರವಾರ ಆಕಾಶವಾಣಿಯಲ್ಲಿ ಏನು ಬರುತ್ತಿದೆ ಎಂಬುದರ ಮೇಲೆ ಹೊತ್ತು ಹೇಳುವವರು ಅವರು.

“ಗಂಟೆ ಅಂತ ಇಲ್ಲ ಅಕ್ಕೋರೇ. ನೀವು ಕೇಳ್ಬೇಕು ಅಂದಾಗ ಬರ್ತದೆ.”

“ಹಾಗಾದ್ರೆ ಅದು ಕಾಯ್ತದಾ ನಮಗೆ?”

ಪಾಡ್‌ಕಾಸ್ಟಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ. ರೇಡಿಯೋಕ್ಕೆ ನಾವು ಕಾಯುತ್ತೇವೆ, ಪಾಡ್‌ಕಾಸ್ಟ್ ನಮಗೆ ಕಾಯುತ್ತದೆ.

ಅದು ಹೇಗೆ ಕಾಯುತ್ತದೆ ಎಂಬುದರಲ್ಲೇ ಅದರ ಕುಶಲತೆ ಇದೆ. ಮಾತಾಡಿದವರು ತಮ್ಮ ಮಾತನ್ನು ಒಂದು ಎಂಪಿ3 ಕಡತ ಮಾಡಿ ಅಂತರ್ಜಾಲದಲ್ಲಿ ಒಂದು ಕಡೆ ಇಡುತ್ತಾರೆ. ಅದರ ಜೊತೆಗೆ ಒಂದು ಸಣ್ಣ ಪಟ್ಟಿಯನ್ನೂ ಇಡುತ್ತಾರೆ. ಯಾವ ಕಂತು, ಯಾವ ತಾರೀಖಿನದು, ಎಷ್ಟು ನಿಮಿಷದ್ದು, ಕಡತ ಎಲ್ಲಿದೆ ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ. ಫೀಡ್ ಎನ್ನುವುದು ಇದನ್ನೇ. ನಮ್ಮ ಮೊಬೈಲಿನ ಆ್ಯಪ್, ಬೆಳಿಗ್ಗೆ ಪೇಟೆಗೆ ಹೋಗಿ ಇವತ್ತು ಯಾವ ಮೀನು ಬಂದಿದೆ ಎಂದು ನೋಡಿಬರುವ ಹುಡುಗನ ಹಾಗೆ ಆಗಾಗ ಆ ಪಟ್ಟಿಯನ್ನು ನೋಡಿಬರುತ್ತದೆ. ಹೊಸ ಕಂತು ಕಂಡರೆ ಹೇಳುತ್ತದೆ, ಬೇಕೆಂದರೆ ಮನೆಗೆ ತಂದು ಇಡುತ್ತದೆ. ಅಷ್ಟೇ.

ಇಷ್ಟು ಸರಳವಾದದ್ದರಿಂದಲೇ ಅದಕ್ಕೆ ಯಜಮಾನರಿಲ್ಲ. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು 2024ರಲ್ಲಿ ಮುಚ್ಚಿತು. ಆದರೆ ಕಾರ್ಯಕ್ರಮಗಳು ಮುಚ್ಚಲಿಲ್ಲ. ಕೇಳುಗರು ತಮ್ಮ ಚಂದಾ ಪಟ್ಟಿಯನ್ನು ಎತ್ತಿಕೊಂಡು ಬೇರೆ ಆ್ಯಪಿಗೆ ಹೋದರು. ಪೇಟೆಗೆ ಹೋಗುವ ಹುಡುಗ ಬದಲಾದ, ಮೀನು ಬರುವುದು ನಿಲ್ಲಲಿಲ್ಲ. ಅಂತರ್ಜಾಲದ ಬಹುಪಾಲು ನಾಲ್ಕಾರು ಕಂಪನಿಗಳ ಅಂಗಳವಾಗಿರುವ ಈ ಕಾಲದಲ್ಲಿ ಇಂಥದೊಂದು ಬಯಲು ಉಳಿದಿರುವುದು ನನಗೆ ದೊಡ್ಡ ಸಮಾಧಾನ.

ಪಾಡ್‌ಕಾಸ್ಟ್ ಎಂಬ ಹೆಸರು ಹುಟ್ಟಿದ್ದು 2004ರ ಫೆಬ್ರವರಿಯಲ್ಲಿ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಗೆ ಬರೆದ ಲೇಖನದಲ್ಲಿ ಬೆನ್ ಹ್ಯಾಮರ್ಸ್ಲಿ ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎರಡನ್ನೂ ಕೂಡಿಸಿ ಮಾಡಿದ ಪದ ಅದು. ಐಪಾಡ್ ತಯಾರಿಕೆ 2022ರಲ್ಲಿ ನಿಂತುಹೋಯಿತು, ಪದ ಉಳಿಯಿತು. ಆದರೆ ಮನೆಯಿಂದಲೇ ಲೋಕಕ್ಕೆ ಮಾತು ಕಳಿಸುವ ಆಸೆ ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಆ ಮನೆಯಿಂದ. ಇದನ್ನು ಹೇಳಿದಾಗ ಅಕ್ಕೋರ ಮುಖ ಅರಳಿತು. “ಒಬ್ಬ ಮಾಸ್ತರು ಮಾಡಿದ್ದಾ!” ಎಂದರು.

ಕೇಳುವ ಕಿವಿಯೂ ಕರಾವಳಿಗೆ ಹೊಸತಲ್ಲ. ತಾಳಮದ್ದಳೆಯನ್ನು ನೆನೆಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡಾದ ಮೇಲೆ ಪಂಚೆ ಉಟ್ಟು ಕುಳಿತ ಇಬ್ಬರು ಅರ್ಥಧಾರಿಗಳು ಬರೀ ಮಾತಿನಲ್ಲಿ ಲಂಕೆ ಕಟ್ಟುತ್ತಾರೆ, ಕುರುಕ್ಷೇತ್ರ ಹೂಡುತ್ತಾರೆ. ಜನ ರಾತ್ರಿಯಿಡೀ ಕುಳಿತು ಕೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕ್ಯಾಸೆಟ್ಟಿನಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದವರಿಗೆ ಪಾಡ್‌ಕಾಸ್ಟ್ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳ ದೊಡ್ಡ ಕಣಜವನ್ನೇ ನೆನಪಿನಲ್ಲಿ ಇಟ್ಟುಕೊಂಡಿದ್ದರು. ಪುಸ್ತಕ ನೋಡಿ ಕಲಿತದ್ದಲ್ಲ, ಕಿವಿಯಿಂದ ಬಂದದ್ದು. ಅಂಥ ಕಿವಿಗಳ ಊರು ಇದು. ನಮಗೆ ಬೇಕಾದದ್ದು ಒಂದೆರಡು ಗುಂಡಿಗಳ ಪರಿಚಯ ಮಾತ್ರ.

ಅಕ್ಕೋರ ಮೊಬೈಲಿಗೆ ಆ್ಯಂಟೆನಾಪಾಡ್ ಹಾಕಿದೆ. ದುಡ್ಡಿಲ್ಲ, ಜಾಹೀರಾತಿಲ್ಲ, ಖಾತೆ ತೆರೆಯುವ ಗೋಜೂ ಇಲ್ಲ. ಹುಡುಕುವಾಗ ಒಂದು ಮಾತು ನೆನಪಿರಲಿ: ಹೆಸರನ್ನು ಕನ್ನಡದಲ್ಲಿ ಬರೆದಾಗ ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ, ಎಷ್ಟೋ ಕನ್ನಡ ಕಾರ್ಯಕ್ರಮಗಳು ಹಾಗೆ ಅಡಗಿ ಕೂತಿರುತ್ತವೆ. ಮೊದಲು ಹಾಕಿಕೊಟ್ಟದ್ದು ‘ತಲೆ-ಹರಟೆ’. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರು 2018ರಲ್ಲಿ ಶುರುಮಾಡಿದ ಕಾರ್ಯಕ್ರಮ. ತಿಳಿದವರೊಬ್ಬರನ್ನು ಕೂರಿಸಿಕೊಂಡು ವಿಜ್ಞಾನ, ಇತಿಹಾಸ, ಸಿನಿಮಾ, ಹಣಕಾಸು ಎಂದು ಸಾವಧಾನವಾಗಿ ಮಾತಾಡುತ್ತಾರೆ. ಬೆಂಗಳೂರಿನ ಕನ್ನಡ ಅಕ್ಕೋರಿಗೆ ಮೊದಲು ಓಟದ ಕನ್ನಡ ಅನ್ನಿಸಿತು. ಹತ್ತು ನಿಮಿಷಕ್ಕೆ “ಸಾಕು” ಎಂದರು. ತಾಳಮದ್ದಳೆಯಲ್ಲೂ ಪೀಠಿಕೆ ಮುಗಿಯುವವರೆಗೆ ಕೂರಬೇಕಲ್ಲವೇ ಎಂದು ನೆನಪಿಸಿದೆ. ಹೊಸ ದನಿಗೆ ಕಿವಿ ಒಗ್ಗಲು ಮೂರು ಕಂತಾದರೂ ಕೊಡಬೇಕು ಎಂಬುದು ನನ್ನ ಅನುಭವ. ಆಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿ, ಮುಲಾಜು ಬೇಡ.

ಓಟಕ್ಕೆ ಮದ್ದು ಆ್ಯಪಿನಲ್ಲೇ ಇತ್ತು. ವೇಗವನ್ನು 0.9ಕ್ಕೆ ಇಳಿಸಿದೆ. ದನಿ ಕೆಡದೆ ಮಾತು ಒಂದಿಷ್ಟು ಬಿಡುವಾಯಿತು. ಹುಡುಗರು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ. ನನಗೆ ಅದು ಸೇರುವುದಿಲ್ಲ. ಒಳ್ಳೆಯ ಮಾತುಗಾರರು ಒಂದು ಪ್ರಶ್ನೆ ಕೇಳಿ ಎರಡು ಕ್ಷಣ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದರಲ್ಲಿ ಎದುರಿನವರು ಉಸಿರು ಎಳೆದುಕೊಳ್ಳುವುದು ಕೇಳುತ್ತದೆ, ಉತ್ತರ ಎಷ್ಟು ಭಾರದ್ದೆಂದು ಅಲ್ಲೇ ಗೊತ್ತಾಗುತ್ತದೆ. ವೇಗ ಹೆಚ್ಚಿಸಿದರೆ ಮೊದಲು ಸಾಯುವುದು ಆ ಮೌನ.

ಇಯರ್‌ಫೋನ್ ಅಕ್ಕೋರಿಗೆ ಬೇಡ. ಯಾರಾದರೂ ಕರೆದರೆ ಕೇಳಬೇಕಲ್ಲ! ಅವರೇ ಒಂದು ಉಪಾಯ ಕಂಡುಕೊಂಡರು. ಮೊಬೈಲಿನ ಸ್ಪೀಕರ್ ಇರುವ ತುದಿಯನ್ನು ಕೆಳಗೆ ಮಾಡಿ ಖಾಲಿ ತಪ್ಪಲೆಯಲ್ಲಿ ನಿಲ್ಲಿಸುವುದು. ಸ್ಟೀಲಿನ ತಪ್ಪಲೆಯಲ್ಲಿ ದನಿ ಕಿಣಿಕಿಣಿ ಎಂದಿತು. ಒಳಗೆ ಒಂದು ಮಡಿಸಿದ ಕೈವಸ್ತ್ರ ಇಟ್ಟರು. ಕಿಣಿಕಿಣಿ ಹೋಗಿ ದನಿಗೆ ಮೈ ಬಂತು. ಕಾರ್ಯಕ್ರಮ ಮಾಡುವವರು ಕೋಣೆಗೆ ದಪ್ಪ ಪರದೆ ಕಟ್ಟಿ, ಕಂಬಳಿ ಹಾಸಿ ಮಾತು ಮುದ್ರಿಸುವುದೂ ಇದೇ ಕಾರಣಕ್ಕೆ: ಗಟ್ಟಿ ಗೋಡೆ ದನಿಯನ್ನು ತಿರುಗಿಸಿ ಹೊಡೆಯುತ್ತದೆ, ಬಟ್ಟೆ ನುಂಗಿಕೊಳ್ಳುತ್ತದೆ. ಹೀಗೆ ತಪ್ಪಲೆಯಿಂದ ಮಾತು ಬರುತ್ತಿದ್ದರೆ ಅಕ್ಕೋರು ಮೆಟ್ಟುಗತ್ತಿಯ ಮುಂದೆ ಕುಳಿತು ತಾರ್ಲೆ ಹಸನು ಮಾಡುತ್ತಾರೆ. ಕಣ್ಣು, ಕೈ ಎರಡೂ ಮೀನಿನ ಮೇಲೆ. ವಿಡಿಯೋ ಆಗಿದ್ದರೆ ಇದು ಸಾಧ್ಯವಿತ್ತೇ? ನಡುವೆ ಯಾರಾದರೂ ಬಂದು ಮಾತು ತಪ್ಪಿಹೋದರೆ ಹಿಂದಕ್ಕೆ ಹೋಗುವ ಗುಂಡಿಯನ್ನು ಮೊಣಕೈಯಿಂದ ಒತ್ತಲು ಹೋಗಿ ಎರಡು ಸಲ ತಪ್ಪಲೆ ಉರುಳಿದೆ. ಈಗ ಕೈ ಒರೆಸಿಕೊಳ್ಳಲು ಒದ್ದೆ ಬಟ್ಟೆ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು ಅಭ್ಯಾಸವನ್ನು ನಾನು ಒತ್ತಿ ಹೇಳಿಕೊಟ್ಟೆ: ಹೊರಡುವ ಮೊದಲು ಡೌನ್‌ಲೋಡ್ ಮಾಡಿಕೊಳ್ಳುವುದು. ಮಾತಿಗೆ ಸಾಕಾಗುವ 64 ಕೆಬಿಪಿಎಸ್ ಗುಣಮಟ್ಟದಲ್ಲಿ ಅರ್ಧ ಗಂಟೆಯ ಕಂತು ಸುಮಾರು 14 ಎಂಬಿ. ಅದರ ದುಪ್ಪಟ್ಟಾದರೂ ದಿನದ ಡೇಟಾದಲ್ಲಿ ಚಿಲ್ಲರೆ ಲೆಕ್ಕ.

ಕಳೆದ ತಿಂಗಳು ಕಣ್ಣು ತೋರಿಸಲು ಗೋವಾಕ್ಕೆ ಹೊರಟಾಗ ಜೊತೆಗೆ ನಾನೂ ಇದ್ದೆ. ಹಿಂದಿನ ರಾತ್ರಿಯೇ ಎರಡು ಕಂತು ಇಳಿಸಿಕೊಂಡಿದ್ದರು. ಅಂದು ಮಾತ್ರ ನನ್ನ ಇಯರ್‌ಫೋನ್ ಒಪ್ಪಿಕೊಂಡರು, ಒಂದೇ ಕಿವಿಗೆ. ಕಾಳಿ ನದಿ ದಾಟಿ ಕಾರವಾರದಲ್ಲಿ ರೈಲು ಹತ್ತಿದೆವು. ಮಡಗಾಂವಿನ ದಾರಿಯಲ್ಲಿ ಸುರಂಗ ಬಂತು. ಡಬ್ಬಿಯಲ್ಲಿ ಒಬ್ಬೊಬ್ಬರ ವಿಡಿಯೋ ಅಲ್ಲಲ್ಲೇ ನಿಂತಿತು. ಜನ ತಲೆ ಎತ್ತಿ ಕಿಟಕಿಯ ಕತ್ತಲು ನೋಡತೊಡಗಿದರು. ಅಕ್ಕೋರು ಕಣ್ಣು ಮುಚ್ಚಿಕೊಂಡೇ ಇದ್ದರು. ಯಾರದೋ ಮಾತಿಗೆ “ಹೌದು ಹೌದು” ಎಂದು ತಲೆಯಾಡಿಸುತ್ತಿದ್ದರು.