ತಾಳಿಗೆ ಮುಂಚಿನ ಸಹಿ

ಕಾರವಾರದಿಂದ ಉತ್ತರಕ್ಕೆ ಹೊರಟರೆ ಮಾಜಾಳಿ ಮುಗಿಯುತ್ತಲೇ ಗೋವಾದ ಪೋಳೆಂ. ಮಣ್ಣು ಅದೇ, ಮೀನು ಅದೇ, ಮಾತೂ ಹೆಚ್ಚುಕಡಿಮೆ ಅದೇ ಕೊಂಕಣಿ. ಗಂಡ ಹೆಂಡತಿಯ ಆಸ್ತಿಯ ಲೆಕ್ಕ ಮಾತ್ರ ಚೆಕ್‌ಪೋಸ್ಟಿನ ಆಚೆ ಪೂರಾ ಬೇರೆ. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ 1870ರಲ್ಲಿ ಗೋವಾಕ್ಕೆ ಬಂತು. 1961ರಲ್ಲಿ ಪೋರ್ಚುಗೀಸರು ಹೋದರೂ ಅದರ ಕುಟುಂಬ ಕಾನೂನು ಅಲ್ಲೇ ಬೇರೂರಿತು. ಮದುವೆಗೆ ಮುಂಚೆ ಬೇರೆ ಒಪ್ಪಂದ ಬರೆಸದ ಗೋವಾ ದಂಪತಿಯ ಆಸ್ತಿ ಕೂಡಿ ಒಂದಾಗುತ್ತದೆ, ಇಬ್ಬರಿಗೂ ಅರ್ಧರ್ಧ. ಹೆಂಡತಿಯ ಒಪ್ಪಿಗೆ ಇಲ್ಲದೆ ಗಂಡ ಮನೆ ಮಾರುವಂತಿಲ್ಲ. ಕೇಂದ್ರದ ತೆರಿಗೆ ಕಾನೂನೂ ಇದನ್ನು ಒಪ್ಪಿಕೊಂಡಿತು: 1961ರ ಆದಾಯ ತೆರಿಗೆ ಕಾಯ್ದೆಯ 5ಎ ಕಲಂ ಅಂಥ ದಂಪತಿಯ ಸಂಬಳ ಬಿಟ್ಟು ಉಳಿದ ವರಮಾನವನ್ನು ಇಬ್ಬರ ಲೆಕ್ಕಕ್ಕೂ ಸಮನಾಗಿ ಹಂಚಿತು.

ಈಚೆ ದಡದಲ್ಲಿ, ನಮ್ಮಲ್ಲಿ, ಹಿಂದೂ ದಂಪತಿಗೆ ಹೀಗೊಂದು ಕೂಡು ಆಸ್ತಿ ಎಂಬುದೇ ಇಲ್ಲ. ಕ್ರಯಪತ್ರದಲ್ಲಿ ಯಾರ ಹೆಸರೋ ಆಸ್ತಿ ಅವರದು. ಸ್ತ್ರೀಧನ ಹೆಂಡತಿಯದು, ಜೀವನಾಂಶ ಕೇಳಬಹುದು, ಗಂಡ ತೀರಿಕೊಂಡರೆ ವಾರಸುದಾರಳಾಗಿ ಪಾಲು ಬರುತ್ತದೆ. ಆದರೆ ಇಪ್ಪತ್ತು ವರ್ಷ ಮನೆ ನಡೆಸಿ, ಮಕ್ಕಳನ್ನು ಬೆಳೆಸಿ, ಅತ್ತೆ ಮಾವನ ಕಾಯಿಲೆ ಕಸಾಲೆ ನೋಡಿಕೊಂಡವಳಿಗೆ, ಆ ಇಪ್ಪತ್ತು ವರ್ಷದಲ್ಲಿ ಗಂಡನ ಹೆಸರಿಗೆ ಕೊಂಡ ಸೈಟಿನಲ್ಲಿ ತಾನಾಗಿ ಬರುವ ಪಾಲು ಯಾವ ಕಾಯ್ದೆಯಲ್ಲೂ ಇಲ್ಲ.

ಮದುವೆಪೂರ್ವ ಒಪ್ಪಂದ, ಜನ ಪ್ರಿನಪ್ ಅನ್ನುತ್ತಾರಲ್ಲ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ಯಾವ ನೆಲದ ಕಾನೂನಿನಡಿ ಬರೆಯುತ್ತಿದ್ದೀರಿ? ಪಾಲು ಕೊಡುವ ನೆಲದಲ್ಲಿ ಒಪ್ಪಂದ ಅದನ್ನು ಕಿತ್ತುಕೊಳ್ಳಬಲ್ಲದು. ಪಾಲೇ ಇಲ್ಲದ ನೆಲದಲ್ಲಿ ಅದೇ ಕಾಗದ ಪಾಲು ಕೊಡಿಸಲೂಬಹುದು.

ಮೈಸೂರಿನ ಹುಡುಗಿಯೊಬ್ಬಳು ಕ್ಯಾಲಿಫೋರ್ನಿಯಾದ ಸನಿವೇಲ್‌ನ ಎಂಜಿನಿಯರನ್ನು ಮದುವೆಯಾಗಿ ಅವಲಂಬಿತರ ಎಚ್-4 ವೀಸಾದಲ್ಲಿ ಹೊರಟಳು ಅಂದುಕೊಳ್ಳಿ. ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದೆ, ಅಲ್ಲಿ ಕೂಡಲೇ ದುಡಿಯುವ ಅನುಮತಿ ಇಲ್ಲ. ಆದರೆ ಕ್ಯಾಲಿಫೋರ್ನಿಯಾ ಅಮೆರಿಕದ ಒಂಬತ್ತು ಕೂಡು ಆಸ್ತಿ ರಾಜ್ಯಗಳಲ್ಲಿ ಒಂದು. ಟೆಕ್ಸಾಸ್, ವಾಷಿಂಗ್ಟನ್ ಕೂಡ ಈ ಪಟ್ಟಿಯಲ್ಲಿವೆ. ಮದುವೆಯಾದ ಮೇಲೆ ಗಂಡ ಗಳಿಸಿದ ಸಂಬಳ, ಆ ಸಂಬಳದಲ್ಲಿ ಕೊಂಡ ಮನೆ, ಯಾರ ಹೆಸರಿನಲ್ಲಿದ್ದರೂ ಅವಳದೂ ಅರ್ಧ. ತವರಿನಿಂದ ಬಂದದ್ದು, ಉಡುಗೊರೆಯಾಗಿ ಸಿಕ್ಕಿದ್ದು ಅವರವರಿಗೇ. ಮೈಸೂರಿನಲ್ಲೇ ಸಂಸಾರ ಹೂಡಿದ್ದರೆ ಸಿಗದಿದ್ದ ಹಕ್ಕು ಅಲ್ಲಿ ನೆಲೆ ನಿಂತದ್ದಕ್ಕೆ ಸಿಕ್ಕಿತು. ಇಂಥವಳ ಮುಂದೆ ಛತ್ರದ ಗಡಿಬಿಡಿಯ ನಡುವೆ ಇಪ್ಪತ್ತು ಪುಟದ ಇಂಗ್ಲಿಷ್ ಕಾಗದ ಇಟ್ಟು "ಸುಮ್ಮನೆ ಫಾರ್ಮಾಲಿಟಿ" ಅಂದರೆ, ಅವಳು ಬಿಟ್ಟುಕೊಡುವುದು ತನಗೆ ಇದೆ ಎಂದೇ ಗೊತ್ತಿಲ್ಲದ ಹಕ್ಕನ್ನು.

ಕ್ಯಾಲಿಫೋರ್ನಿಯಾದಲ್ಲೇ ಇಂಥ ಸಹಿಯ ಬಗ್ಗೆ ಒಂದು ದೊಡ್ಡ ಮೊಕದ್ದಮೆ ನಡೆಯಿತು. ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ ಮತ್ತು ಸ್ವೀಡನ್ನಿನಿಂದ ಬಂದ ಸನ್, 1988ರ ಫೆಬ್ರವರಿ 5ರಂದು ಫೀನಿಕ್ಸ್‌ನ ವಕೀಲರ ಕಚೇರಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಲಾಸ್ ವೇಗಸ್‌ನಲ್ಲಿ ಮದುವೆ. ಆತನ ಕಡೆ ವಕೀಲರಿದ್ದರು, ಈಕೆಯ ಕಡೆ ಯಾರೂ ಇಲ್ಲ. ಇಬ್ಬರೂ ತಮ್ಮ ತಮ್ಮ ಗಳಿಕೆಯನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಕರಾರು. ಆ ವರ್ಷ ಆತನ ಸಂಬಳ 1,06,000 ಡಾಲರ್. 1994ರಲ್ಲಿ ಇಬ್ಬರೂ ಬೇರೆಯಾಗುವ ಹೊತ್ತಿಗೆ ವರ್ಷಕ್ಕೆ 80 ಲಕ್ಷ ಡಾಲರ್. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಓದಿದ್ದು ಪೂರ್ತಿ ತಿಳಿಯಲಿಲ್ಲ ಎಂದು ಆಕೆ ವಾದಿಸಿದರು. 2000ದಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಆಕೆ ಒಪ್ಪಿಯೇ ಸಹಿ ಹಾಕಿದ್ದೆಂದು ಹೇಳಿ ಒಪ್ಪಂದವನ್ನು ಎತ್ತಿಹಿಡಿಯಿತು.

ತೀರ್ಪಿನ ಬೆನ್ನಿಗೇ ಶಾಸಕಾಂಗ ಕಾನೂನನ್ನು ಬಿಗಿ ಮಾಡಿತು. 2002ರಿಂದ ಒಪ್ಪಂದ ಕೈಗೆ ಬಂದ ದಿನಕ್ಕೂ ಸಹಿಗೂ ನಡುವೆ ಏಳು ದಿನ ಬಿಡಬೇಕು. ಎದುರು ಪಕ್ಷಕ್ಕೆ ಸ್ವಂತ ವಕೀಲರಿರಬೇಕು. ಬೇಡವೆಂದರೆ ಅದನ್ನು ಬೇರೆಯಾಗಿ ಬರೆದುಕೊಡಬೇಕು, ಬಿಟ್ಟುಕೊಡುತ್ತಿರುವ ಹಕ್ಕುಗಳನ್ನು ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಲಿಖಿತವಾಗಿ ವಿವರಿಸಿರಬೇಕು. ಈ ಭಾಷೆಯ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸಾಗರದಿಂದಲೋ ಗದಗಿನಿಂದಲೋ ಹೋದ ಹುಡುಗಿ ಕನ್ನಡದಲ್ಲಿ ವಿವರಿಸಿ ಎಂದು ಕೇಳಿದರೆ ಅದು ಹಠವಲ್ಲ. ಆ ನೆಲದ ಕಾನೂನೇ ಕಾಪಾಡಲು ಹೊರಟ ಹಕ್ಕು.

ಲಂಡನ್ನಿನ ಒಂದು ಪ್ರಕರಣದಲ್ಲಿ ಪಾತ್ರಗಳು ಅದಲುಬದಲು. ಜರ್ಮನಿಯ ಸಿರಿವಂತ ಮನೆತನದ ಕ್ಯಾಟ್ರಿನ್ ರಾಡ್ಮಾಕರ್, ಫ್ರಾನ್ಸಿನ ಬ್ಯಾಂಕರ್ ನಿಕೊಲಾ ಗ್ರಾನಟಿನೊ 1998ರಲ್ಲಿ ಜರ್ಮನಿಯಲ್ಲಿ ಒಪ್ಪಂದ ಬರೆಸಿ ಲಂಡನ್ನಿನಲ್ಲಿ ಮದುವೆಯಾದರು. ಒಪ್ಪಂದ ಜರ್ಮನ್ ಭಾಷೆಯಲ್ಲಿತ್ತು, ವರನಿಗೆ ಸ್ವಂತ ವಕೀಲರಿರಲಿಲ್ಲ. ವಿಚ್ಛೇದನದಲ್ಲಿ ಹೈಕೋರ್ಟ್ ಆತನಿಗೆ 55 ಲಕ್ಷ ಪೌಂಡ್‌ಗೂ ಮೀರಿ ಕೊಡಿಸಿತ್ತು. 2010ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಪ್ಪಂದಕ್ಕೇ ಹೆಚ್ಚಿನ ತೂಕ ಕೊಟ್ಟು, ಮೇಲ್ಮನವಿಯಲ್ಲಿ ಆ ಮೊತ್ತವನ್ನು ಇಳಿಸಿದ್ದನ್ನು ಖಾಯಂ ಮಾಡಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಒಪ್ಪದವರು ಒಬ್ಬರೇ, ಪೀಠದಲ್ಲಿದ್ದ ಏಕೈಕ ಮಹಿಳೆ ಲೇಡಿ ಹೇಲ್. ಇಂಥ ಒಪ್ಪಂದಗಳ ಉದ್ದೇಶವೇ ಬಲ ಕಡಿಮೆಯಿರುವ ಸಂಗಾತಿಗೆ ಸಿಗಬೇಕಾದದ್ದನ್ನು ತಪ್ಪಿಸುವುದು, ಆ ಸಂಗಾತಿ ಸಾಮಾನ್ಯವಾಗಿ ಹೆಂಗಸು ಎಂದು ಆಕೆ ಬರೆದರು. ಗೆದ್ದದ್ದು ಹೆಂಗಸಾಗಿದ್ದರೂ ಆಕೆ ಹೀಗೆ ಬರೆದರಲ್ಲ, ಅದಕ್ಕೇ ಆ ಮಾತನ್ನು ನಾನು ನಂಬುತ್ತೇನೆ.

ಇನ್ನು ಊರಿನ ಆಸ್ತಿ. ಸನಿವೇಲ್ ಸಂಬಳದಲ್ಲಿ ಬೆಂಗಳೂರಿನಲ್ಲಿ ಮಾವನವರ ಹೆಸರಿಗೋ ಗಂಡನ ಹೆಸರಿಗೋ ಫ್ಲ್ಯಾಟ್ ಕೊಳ್ಳುವುದು ಮಾಮೂಲು. ಗಂಡನ ಹೆಸರಿನಲ್ಲಿದ್ದರೆ ಕ್ಯಾಲಿಫೋರ್ನಿಯಾ ಕೋರ್ಟ್ ಅದನ್ನೂ ಲೆಕ್ಕಕ್ಕೆ ಹಿಡಿದು ಅದರ ಅರ್ಧ ಬೆಲೆಗೆ ಸಮನಾಗಿ ಹಣ ಕೊಡಿಸಬಹುದು, ಆದರೆ ಇಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರು ಬದಲಿಸಲಾರದು. ಬ್ರಿಟನ್ನಿನ ಮೇಲ್ಮಟ್ಟದ ಕೋರ್ಟುಗಳ ಹಣದ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿಗೆ ಹಾಕಬಹುದು. ಅಮೆರಿಕದ ಡಿಕ್ರಿಗೆ ಆ ಸವಲತ್ತಿಲ್ಲ, ಹೊಸದಾಗಿ ದಾವೆ ಹೂಡಬೇಕು. ಕೊಡಗಿನ ಕಾಫಿ ತೋಟದ ಮಾತಾದರೆ ಅನಿವಾಸಿ ಭಾರತೀಯರು ಅದನ್ನು ವಾರಸಾಗಿ ಪಡೆಯಬಹುದು, ಕೊಳ್ಳುವಂತಿಲ್ಲ. ವಿದೇಶದಲ್ಲಿ ಬರೆದ ಪ್ರಿನಪ್ ಇಲ್ಲಿ ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು 1872ರ ಕರಾರು ಕಾಯ್ದೆಯ 23ನೇ ಕಲಮಿನಡಿ ಅನೂರ್ಜಿತ. ಮನೆಅಳಿಯನಾಗಿಯೇ ಇರುತ್ತೇನೆಂದು ಬರೆದುಕೊಟ್ಟ ಗಂಡನ ಒಪ್ಪಂದವನ್ನು ಕಲ್ಕತ್ತಾ ಹೈಕೋರ್ಟ್ 1901ರಲ್ಲೇ ತಳ್ಳಿಹಾಕಿತ್ತು.

ಅದಕ್ಕೇ ಬರೆಯುವುದಾದರೆ ಎರಡೂ ದೇಶದ ವಕೀಲರಿಗೆ ತೋರಿಸಿ, ಕೊಡುವ ಕಾಗದವಾಗಿ ಬರೆಯಿರಿ: ಅವಳು ಕೆಲಸ ಬಿಟ್ಟ ವರ್ಷಗಳಿಗೆ ಉಳಿತಾಯದಲ್ಲಿ ಇಷ್ಟು ಪಾಲು, ಊರಿನ ಫ್ಲ್ಯಾಟ್ ಇಬ್ಬರ ಹೆಸರಿಗೆ, ಚಿನ್ನದ ಪಟ್ಟಿ, ಅವಳೇ ತೆರೆಯುವ ಲಾಕರು. ಇಷ್ಟನ್ನು ಲಗ್ನಪತ್ರಿಕೆಯ ದಿನದ ಮಾತುಕತೆಯಲ್ಲೇ ತರಬಹುದು. ಚಪ್ಪರ, ಊಟ, ಸೀರೆ, ಬೀಗರ ಉಡುಗೊರೆ ಎಲ್ಲವನ್ನೂ ಲೆಕ್ಕ ಹಾಕುವ ಹಿರಿಯರಿಗೆ ಇದೊಂದು ಲೆಕ್ಕ ಕಷ್ಟವಲ್ಲ.

ಈ ಲೆಕ್ಕ ಮೊದಲೇ ಆಗದಿದ್ದರೆ ಏನಾಗುತ್ತದೆ ನೋಡಿ. ತಮಿಳುನಾಡಿನ ಒಂದು ಸಂಸಾರದಲ್ಲಿ ಗಂಡ 1983ರಿಂದ ಸೌದಿಯಲ್ಲಿ ದುಡಿದ. ಹೆಂಡತಿ ಊರಲ್ಲಿ ಮಕ್ಕಳನ್ನು ಸಾಕಿ, ಅವನು ಕಳಿಸಿದ ಹಣ ಉಳಿಸಿ, ಜಾಗ ಕೊಂಡಳು. ಬಂದವನು ಎಲ್ಲ ತನ್ನದೆಂದ. ಅವಳು ಮನೆಯಲ್ಲಿದ್ದು ಬಿಡುವಿಲ್ಲದೆ ದುಡಿದದ್ದರಿಂದಲೇ ಅವನು ಅಲ್ಲಿ ಗಳಿಸಲು ಸಾಧ್ಯವಾಯಿತು, ಆಸ್ತಿಯಲ್ಲಿ ಅವಳಿಗೂ ಸಮಪಾಲು ಎಂದಿತು ಮದ್ರಾಸ್ ಹೈಕೋರ್ಟ್. ಅವನು ಊರಿಗೆ ಮರಳಿದ್ದು 1994ರಲ್ಲಿ. ಆ ತೀರ್ಪು ಬಂದದ್ದು 2023ರ ಜೂನ್‌ನಲ್ಲಿ.