ಹಳೆಯ ಗಣಕಕ್ಕೆ ಹೊಸ ಸ್ಮೃತಿ

‘8085 ಕಲಿತ್ರ ನೌಕರಿ ಸಿಗತೈತೇನ್ರಿ ಸರ್?’ ಮುಧೋಳದ ಪಾಲಕರ ಪ್ರಶ್ನೆ ಇದು. ನೌಕರಿಯ ಭರವಸೆ ನಾನು ಕೊಡಲಾರೆ. ಆದರೆ ನಮ್ಮ ಡಿಪ್ಲೊಮಾ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಬೈದುಕೊಂಡೇ ಕಲಿತ ಆ ಚಿಪ್ಪಿನ ಕಥೆ ಇನ್ನೂ ಮುಗಿದಿಲ್ಲ.

ಜಪಾನಿನ ಕ್ಯೋಸೆರಾ ತಯಾರಿಸಿ, 1983ರಲ್ಲಿ ಅಮೆರಿಕದ ರೇಡಿಯೋ ಶ್ಯಾಕ್ ಮಾರಾಟಕ್ಕೆ ತಂದ ‘ಮಾಡೆಲ್ 100’ ಗಣಕದ ಮಿದುಳು ಇದೇ ಜಾತಿಯ 80ಸಿ85. ದಪ್ಪ ಪುಸ್ತಕದಷ್ಟು ಗಾತ್ರ, ಎಂಟು ಸಾಲಿನ ಪರದೆ, ನಾಲ್ಕು ಪೆನ್ಸಿಲ್ ಸೆಲ್ಲು. ಪತ್ರಕರ್ತರಿಗೆ ಅಚ್ಚುಮೆಚ್ಚಾಗಿದ್ದ ಈ ಯಂತ್ರವನ್ನು ಹವ್ಯಾಸಿಗಳು ಇಂದಿಗೂ ಬೆಳೆಸುತ್ತಿದ್ದಾರೆ.

ಬೆಳೆಸುವುದು ಹೇಗೆ? ಚಿಪ್ಪಿಗಿರುವುದು 16 ವಿಳಾಸ ತಂತಿ. ಒಮ್ಮೆಗೆ ಕಾಣುವುದು 64 ಕಿಲೋಬೈಟ್ ಮಾತ್ರ. ಅದರಲ್ಲಿ ಮೊದಲರ್ಧ ಕಾರ್ಖಾನೆಯಲ್ಲೇ ಬರೆದ, ಅಳಿಸಲಾಗದ ಸ್ಮೃತಿ. 1970ರ ದಶಕದ ‘ಸಿಪಿ/ಎಂ’ ಕಾರ್ಯವ್ಯವಸ್ಥೆಗಾದರೋ ಸೊನ್ನೆ ವಿಳಾಸದಿಂದಲೇ ಬರೆಯಬಲ್ಲ ಸ್ಮೃತಿ ಬೇಕು. ಹವ್ಯಾಸಿಗಳ ‘ರೆಕ್ಸ್‌ಸಿಪಿಎಂ’ ಎಂಬ ಪುಟ್ಟ ಫಲಕ ಹಳೆಯದನ್ನು ಸರಿಸಿ ಅದೇ ವಿಳಾಸಗಳಲ್ಲಿ ತನ್ನ ಸ್ಮೃತಿಯನ್ನು ಸರದಿಯಂತೆ ಕೂರಿಸುತ್ತದೆ. ಒಂದೇ ಕೋಣೆಯಲ್ಲಿ ಮುಂಜಾನೆ ಹೈಸ್ಕೂಲು, ಮಧ್ಯಾಹ್ನ ಪ್ರಾಥಮಿಕ ಶಾಲೆ ನಡೆಸಿದ ಹಾಗೆ!

8085ರ 40 ಪಿನ್ನುಗಳ ಕೆಲಸ ಬಲ್ಲ ಹುಡುಗಿಗೆ ಇದು ಮಂತ್ರವಲ್ಲ, ಲೆಕ್ಕ.

ಒಂದು ಎಚ್ಚರಿಕೆ: ಇಂಥ ಯಂತ್ರದೊಳಗಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಳೆಯ 386 ಗಣಕ ಸಿಕ್ಕಿದರೂ ಮೊದಲು ನೋಡಬೇಕಾದ್ದು ಅದನ್ನೇ.